ಅಮ್ಮ ಹೇಳಿದಷ್ಟು

ಅತ್ತೆ ಕನ್ನಡಕ ಏರಿಸಿಕೊಂಡು ಪೆನ್ನು ಕೇಳಿದಾಗ ಸೊಸೆ ಒಲೆ ಆರಿಸಿ ಹತ್ತಿರ ಬಂದಳು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಉಡುಗೊರೆ ಪಟ್ಟಿಯ ಮುಂದೆ ನಿಂತು, ಹನ್ನೊಂದು ತಿಂಗಳಿಂದ ಖಾಲಿ ಉಳಿದಿದ್ದ ಕೊನೆಯ ಸಾಲಿನಲ್ಲಿ ಅತ್ತೆ ದಪ್ಪ ಅಕ್ಷರದಲ್ಲಿ ಬರೆದರು: ಇಪ್ಪತ್ತು ಸಾವಿರ. ಬರೆದು, ಪೆನ್ನಿಗೆ ಮುಚ್ಚಳ ಹಾಕಿ, ಏನೂ ಆಗಿಲ್ಲವೆಂಬಂತೆ ತಿಂಡಿಗೆ ಕುಳಿತರು. ವರ್ಷಾಂತ್ಯದ ರಜೆಗೆ ಇನ್ನು ಒಂಬತ್ತೇ ದಿನ ಉಳಿದಿತ್ತು.

ಆ ಪಟ್ಟಿ ಸುಮ್ಮನೆ ಹುಟ್ಟಿದ್ದಲ್ಲ. ದೊಡ್ಡ ಅಂಗಡಿಯೊಂದರಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುವ ಕೆಲಸ ಸೊಸೆಯದು. ರಜೆಯ ವಾರದಲ್ಲಿ ಜನ ಕಂಡದ್ದನ್ನೆಲ್ಲ ಬಾಚಿಕೊಂಡು, ಮುಂದಿನ ತಿಂಗಳ ಬಾಡಿಗೆಗೆ ತಲೆ ಕೆರೆದುಕೊಳ್ಳುವುದನ್ನು ಅವಳು ಕಣ್ಣಾರೆ ಕಂಡವಳು. ಅದಕ್ಕೇ ವರ್ಷದ ಮೊದಲ ವಾರವೇ ಮನೆಯವರನ್ನೆಲ್ಲ ಕೂರಿಸಿ, ಯಾರಿಗೆ ಎಷ್ಟರ ಉಡುಗೊರೆ ಎಂದು ಬರೆದಿದ್ದಳು. ತಿಂಗಳಿಗೆ ಎರಡು ಸಾವಿರ ಎತ್ತಿಡುವುದು, ಅಗ್ಗಕ್ಕೆ ಸಿಕ್ಕಾಗ ಕೊಂಡಿಡುವುದು, ಬರೆದ ಮಿತಿಯನ್ನು ಯಾರೂ ದಾಟಕೂಡದು. ಎಲ್ಲರೂ ಕೆಳಗೆ ಸಹಿ ಹಾಕಿದ್ದರು, ಅತ್ತೆಯೂ ಹಾಕಿದ್ದರು. ಆದರೆ ಅತ್ತೆಯ ಮಗಳ ಮನೆಯ ಸಾಲಿಗೆ ಬಂದಾಗ ಮಾತ್ರ ಎಲ್ಲರ ಬಾಯಿ ಕಟ್ಟಿಹೋಯಿತು. ಆ ಬೀಗರಿಗೆ ಬೆಲೆ ಕಟ್ಟುವ ಧೈರ್ಯ ಯಾರಿಗಿತ್ತು? "ಅಮ್ಮ ಹೇಳಿದಷ್ಟು ಅಂತ ಬಿಟ್ಬಿಡು" ಎಂದು ಗಂಡ ಮೆಲ್ಲಗೆ ಹೇಳಿದ. ಮರ್ಯಾದೆಗೆಂದು ಬಿಟ್ಟರು. ಇಂಥ ತಪ್ಪು ದಡ್ಡರ ಮನೆಯಲ್ಲಿ ಆಗುವುದಿಲ್ಲ; ಒಬ್ಬರಿಗೊಬ್ಬರು ಹೆದರಿ ನಡೆಯುವ ಮನೆಯಲ್ಲಿ ಆಗುತ್ತದೆ.

ಸೊಸೆ ಆ ಸಾಲಿಗೆಂದು ನಾಲ್ಕು ಸಾವಿರ ಉಳಿಸಿಕೊಂಡಿದ್ದಳು. ಮಿಕ್ಕಿದ್ದೆಲ್ಲ ಉಳಿದವರ ಉಡುಗೊರೆಗೆ ಖರ್ಚಾಗಿತ್ತು. ಈಗ ಅಳಿಯನಿಗೆ ಕೈಗಡಿಯಾರವೇ ಆಗಬೇಕು ಎಂದು ಅತ್ತೆ ಹಿಡಿದ ಪಟ್ಟು ಬಿಡಲಿಲ್ಲ. ಅಳಿಯನ ಅಣ್ಣನಿಗೆ ಅವನ ಮಾವನ ಮನೆಯವರು ಅಂಥದ್ದೇ ಕೊಟ್ಟಿದ್ದಾರಂತೆ. ತನ್ನ ಮಗಳು ಆ ಮನೆಯಲ್ಲಿ ತಲೆ ತಗ್ಗಿಸಿ ಓಡಾಡುವುದನ್ನು ತಾನು ನೋಡಲಾರೆ ಎಂದರು. ಮಗ ತಲೆ ಎತ್ತದೆ, ಎಷ್ಟು ಕಡಿಮೆ ಬೀಳುತ್ತದೆ ಎಂದಷ್ಟೇ ಕೇಳಿದ. ಅವನು ಸಿಟಿ ಬಸ್ಸಿನ ಡ್ರೈವರ್. ನಾಳೆಯಿಂದ ಎಂಟು ದಿನ ಡಬಲ್ ಡ್ಯೂಟಿ ಮಾಡಿದರೆ ಹದಿನಾರು ಸಾವಿರ ಬರುತ್ತದೆ, ಇವತ್ತೇ ಹೆಸರು ಬರೆಸುತ್ತೇನೆ ಎಂದು ಅಂಗಿಯ ಗುಂಡಿ ಹಾಕಿಕೊಂಡ.

ಸೊಸೆ ಮೆಟ್ಟಿಲವರೆಗೂ ಹಿಂದೆಯೇ ಓಡಿದಳು.

"ರೀ, ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ."

"ಮಾತು ಕೊಟ್ಟಿದ್ದೀಯ, ನೆನಪಿರಲಿ. ಅಮ್ಮನ ಹತ್ರ ಬಾಯಿ ಬಿಡಬೇಡ" ಎಂದು ಅವನು ಇಳಿದು ಹೋದ.

ಹೌದು, ಮಾತು ಕೊಟ್ಟಿದ್ದಳು. ಹೋದ ವರ್ಷವೂ ಇದೇ ಉಡುಗೊರೆಗಳಿಗಾಗಿ ಅವನು ಡಬಲ್ ಡ್ಯೂಟಿ ಹಿಡಿದಿದ್ದ. ಐದನೆಯ ದಿನ ಡಿಪೋಗೆ ವಾಪಸು ಬರುವಾಗ ಒಂದೇ ಒಂದು ಗಳಿಗೆ ಕಣ್ಣು ಮುಚ್ಚಿತು. ಬಸ್ಸು ವಿದ್ಯುತ್ ಕಂಬಕ್ಕೆ ಗುದ್ದಿತು. ಪ್ರಯಾಣಿಕರೆಲ್ಲ ಇಳಿದಾಗಿತ್ತು, ಪುಣ್ಯ... ಕಂಡಕ್ಟರನ ಕೈ ಮುರಿಯಿತು, ಇವನ ಹಣೆ ಒಡೆಯಿತು. ಇನ್ನೊಮ್ಮೆ ಹೀಗಾದರೆ ಕೆಲಸ ಹೋದಂತೆಯೇ ಎಂದು ಡಿಪೋದವರು ಬರೆದು ಕೊಟ್ಟರು. ಅಮ್ಮನಿಗೆ ಅವನು ಹೇಳಿದ್ದು, ಬಾಗಿಲು ಬಡಿಯಿತು ಎಂದು. ಪಟ್ಟಿಯ ಗುಟ್ಟು ಇಷ್ಟೇ. ಅವಳು ಉಳಿಸಲು ಹೊರಟಿದ್ದು ಹಣವನ್ನಲ್ಲ, ಗಂಡನನ್ನು. ಅದು ಗೊತ್ತಿಲ್ಲದ ಅತ್ತೆ ವರ್ಷವಿಡೀ ಅವಳನ್ನು ಜಿಪುಣಿ ಎಂದು ಚುಚ್ಚುತ್ತಿದ್ದರು. ಅವಳು ನುಂಗಿಕೊಂಡೇ ಬಂದಿದ್ದಳು.

ಆ ದಿನ ಅಂಗಡಿಯಲ್ಲಿ ಅವಳು ಕಾಗದ ಓರೆಯಾಗಿ ಕತ್ತರಿಸಿದಳು. ಆಟಿಕೆಯ ಬಸ್ಸೊಂದು ಕೈಗೆ ಬಂದಾಗ ಅದನ್ನು ಸುತ್ತಲಾಗದೆ ಹಾಗೇ ನಿಂತುಬಿಟ್ಟಳು. ಸಾಲಿನಲ್ಲಿದ್ದವರು ಗೊಣಗಿದರು. ಮಾತು ಉಳಿಸಿಕೊಂಡು ಗಂಡನನ್ನು ಕಳೆದುಕೊಂಡರೆ ಆ ಮಾತನ್ನು ಇಟ್ಟುಕೊಂಡು ಏನು ಮಾಡುವುದು? ಅರ್ಧ ದಿನದ ರಜೆ ಹಾಕಿ ಅವಳು ಮನೆಗೆ ಬಂದಳು.

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅತ್ತೆ ಮೊದಲು ನಂಬಲಿಲ್ಲ. ನಾಲ್ಕು ಕಾಸು ಉಳಿಸಲು ಗಂಡನ ಮೇಲೇ ಅಪಘಾತ ಕಟ್ಟುತ್ತೀಯಾ ಎಂದು ಹರಿಹಾಯ್ದರು. ಸೊಸೆ ಎದುರು ಮಾತನಾಡದೆ ಬೀರುವಿನಿಂದ ಡಿಪೋದ ಕಾಗದ ತಂದು ಮುಂದಿಟ್ಟಳು. ಅತ್ತೆ ಅದನ್ನು ಎರಡು ಸಲ ಓದಿದರು. ಆಮೇಲೆ ಕುರ್ಚಿಯ ಅಂಚು ಹಿಡಿದು ಕುಳಿತರು. ಮಗ ಬರುವವರೆಗೆ ಆ ಕಾಗದವನ್ನು ಎದುರಿಗೇ ಇಟ್ಟುಕೊಂಡಿದ್ದರು.

ಸಂಜೆ ಅವನು ಬಂದ. ಕಾಗದ ನೋಡಿದ, ಹೆಂಡತಿಯತ್ತ ತಿರುಗಿದ.

"ಅವಳನ್ನ ನೋಡ್ಬೇಡ, ನನ್ನ ನೋಡು" ಎಂದರು ತಾಯಿ. "ಯಾಕೆ ಹೇಳ್ಲಿಲ್ಲ?"

"ನಿನಗೆ ಬಿಪಿ ಇದೆ ಅಂತ..."

"ಸುಳ್ಳು. ನಿಜ ಹೇಳು."

"ಹೇಳಿದ್ಮೇಲೂ ನೀನು ಡಬಲ್ ಡ್ಯೂಟಿ ಮಾಡು ಅಂದಿದ್ರೆ? ಅಂತೀಯೋ ಇಲ್ವೋ, ಅದು ಗೊತ್ತಾಗೋದೇ ನನಗೆ ಬೇಡವಾಗಿತ್ತಮ್ಮ."

ಆ ತಾಯಿಯ ಮುಖವನ್ನು ನೋಡುವ ಶಕ್ತಿ ಸೊಸೆಗೂ ಇರಲಿಲ್ಲ. ಹೆತ್ತ ಮಗ ತನ್ನ ಜೀವ ಹೆಚ್ಚೋ ತಂಗಿಯ ಮಾನ ಹೆಚ್ಚೋ ಎಂದು ಅಮ್ಮನನ್ನು ಕೇಳಲು ಹೆದರಿದ್ದಾನೆ... ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ತಾಯಿಗೆ ಬೇಕು! ಅವರು ಅಳಲಿಲ್ಲ. ಎದ್ದು ಫೋನು ತೆಗೆದುಕೊಂಡು, ಮಗ ಸೊಸೆಯ ಎದುರಿಗೇ ಮಗಳಿಗೆ ಹೇಳಿದರು, ಗಡಿಯಾರ ಇಲ್ಲ ಎಂದು. ಆ ಕಡೆಯಿಂದ ಅಳು ಕೇಳಿಸಿತು. ಇಲ್ಲಿ ನನ್ನ ಮುಖ ಎಲ್ಲಿಡಲಿ ಎಂದು ಮಗಳು ಕೇಳುತ್ತಿದ್ದಳು.

"ಕಷ್ಟ ಅಂತ ಗೊತ್ತಮ್ಮ. ಆದ್ರೂ ಅದಕ್ಕೋಸ್ಕರ ನಿನ್ನ ಅಣ್ಣನ್ನ ಕೊಡೋಕಾಗಲ್ಲ" ಎಂದರು ಅತ್ತೆ. ಫೋನು ಕಟ್ಟಾಯಿತು. ಮಗನಿಗೆ, ಈಗಲೇ ಡಿಪೋಗೆ ಹೋಗಿ ಹೆಸರು ತೆಗೆಸಿ ಬಾ ಎಂದರು.

ರಜೆಗೆ ಮಗಳು ಬರಲಿಲ್ಲ. ಅತ್ತೆ ಒಂದು ದಿನ ಕಾದರು. ಮರುದಿನ ಬೆಳಿಗ್ಗೆ, ನಾಲ್ಕು ಸಾವಿರದಲ್ಲಿ ಕೊಂಡ ಎರಡು ಹೊದಿಕೆಗಳ ಪೊಟ್ಟಣವನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬರೇ ಹೊರಟರು. ಸೊಸೆ ಜೊತೆಗೆ ಬರುತ್ತೇನೆ ಎಂದದ್ದಕ್ಕೆ, ಆ ಮಾತುಗಳನ್ನು ನೀನು ಕೇಳುವುದು ಬೇಡ, ವರ್ಷವಿಡೀ ನನ್ನಿಂದ ಕೇಳಿದ್ದು ಸಾಕು ಎಂದರು. ಹತ್ತಿದ್ದು ಮಗನ ಬಸ್ಸನ್ನೇ. ಇಷ್ಟು ವರ್ಷದಲ್ಲಿ ಅವನು ಬಸ್ಸು ಓಡಿಸುವುದನ್ನು ಅವರು ನೋಡಿದ್ದು ಅದೇ ಮೊದಲು. ಟಿಕೆಟ್ ಕೊಂಡು ಅವನ ಹಿಂದಿನ ಸೀಟಿನಲ್ಲಿ ಕುಳಿತರು.

ಬೀಗರ ಮನೆಯಲ್ಲಿ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ. ಬೀಗಿತ್ತಿ ಅದನ್ನು ಕೈಯಲ್ಲಿ ತೂಗಿ ನೋಡಿ ಕಪಾಟಿನ ಮೇಲಿಟ್ಟರು. ಮಗಳು ನೀರು ತಂದುಕೊಟ್ಟಳು, ಮುಖ ಕೊಟ್ಟು ಮಾತನಾಡಲಿಲ್ಲ. ಅತ್ತೆ ನೀರು ಕುಡಿದು, ಕಾಲು ಗಂಟೆ ಕುಳಿತು, ಬರುತ್ತೇನೆ ಎಂದು ಎದ್ದರು. ಅದೇ ಬಸ್ಸು ತಿರುಗಿ ಬರುವವರೆಗೆ ನಿಲ್ದಾಣದಲ್ಲಿ ನಿಂತಿದ್ದರು.

ಹತ್ತಿ ಕುಳಿತ ಮೇಲೆ ಮಗ ಕತ್ತು ಹಿಂದಕ್ಕೆ ತಿರುಗಿಸಿ ಕೇಳಿದ:

"ಏನಂದ್ರಮ್ಮ ಅಲ್ಲಿ?"

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಹಿಂದೆ ನೋಡ್ಬೇಡ ಮಗಾ. ರಸ್ತೆ ನೋಡ್ಕೊಂಡು ಓಡಿಸು."