ಬೆಸ ತಾರೀಕಿನ ಮೇಕೆ

"ನಾಡಿದ್ದು ಮೇಕೆಯನ್ನ ಕೊಟ್ಟುಬಿಡ್ತಿದ್ದೀನಿ," ಎಂದೆ.

ಸಿಗ್ನಲ್ ಕೆಂಪಾಗಿತ್ತು. ಅರ್ಗಿರಿಸ್ ತನ್ನ ಬೂದು ಕಾರನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ.

"ಯಾರಿಗೆ?"

"ಶೋರೂಮಿಗೆ. ಎಕ್ಸ್‌ಚೇಂಜ್‌ನಲ್ಲಿ ಬೇರೆ ನೋಡಿದ್ದೀನಿ. ಬಿಳೀದು. ಎರಡೇ ವರ್ಷ ಓಡಿದೆ."

ಅವನು ಸ್ಟೀರಿಂಗ್ ಮೇಲೆ ಬೆರಳು ಮಡಚಿ ಎಣಿಸಿದ. ಅವತ್ತು ಮಾರ್ಚ್ ಮೂವತ್ತು. ಎಣಿಸಿ ಮುಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾಡಿದ್ದು ಅಂದ್ರೆ ಏಪ್ರಿಲ್ ಒಂದು. ಸುಳ್ಳು ಹೇಳೋದಾದ್ರೆ ಇನ್ನೂ ಸ್ವಲ್ಪ ಚೆನ್ನಾಗಿರೋದು ಹುಡುಕೇ, ಮಿರ್ತೋ. ನೀನು ಮೇಕೆ ಮಾರ್ತೀಯಾ? ಬೇಕಾದ್ರೆ ನಿಮ್ಮಮ್ಮನ್ನ ಮಾರ್ತೀಯ."

ಏಪ್ರಿಲ್ ಒಂದರಂದು ಒಬ್ಬರನ್ನಾದರೂ ಸುಳ್ಳು ಹೇಳಿ ನಂಬಿಸಿದರೆ ವರ್ಷವಿಡೀ ಅದೃಷ್ಟ ಎಂದು ನಮ್ಮಲ್ಲಿ ನಂಬಿಕೆ. ಇವನು ನಾವು ಜೊತೆಗೆ ಓಡಾಡಿದ ಮೂರು ವರ್ಷವೂ ನನ್ನನ್ನೇ ನಂಬಿಸಿ ಅದೃಷ್ಟ ಕಟ್ಟಿಕೊಂಡಿದ್ದ. ಹಾಗಾಗಿ ನಗಲು ಅವನಿಗೆ ಕಾರಣವಿತ್ತು. ಆದರೂ ನನಗೆ ಆ ನಗು ಚುಚ್ಚಿತು. ಯಾಕೆ ಚುಚ್ಚಬೇಕು ಎಂಬುದು ಮಾತ್ರ ನನಗೇ ತಿಳಿಯಲಿಲ್ಲ. ಕಾರು ನನ್ನದು, ಕೊಡುವವಳೂ ನಾನೇ.

ಮೇಕೆ ಎಂದರೆ ನನ್ನ ಕೆಂಪು ಕಾರು. ಹನ್ನೆರಡು ವರ್ಷದ್ದು. ಗಿಡ್ಡ, ಎರಡೇ ಬಾಗಿಲು, ಸದ್ದು ಜಾಸ್ತಿ. ನಾವಿರುವ ಗಲಾತ್ಸಿ ಬಡಾವಣೆಯ ಏರುರಸ್ತೆಗಳನ್ನು ಕಂಡರೆ ಅದಕ್ಕೆ ಹುರುಪು. ಬೇರೆಯವರ ಕಾರುಗಳು ಏದುಸಿರು ಬಿಡುವಲ್ಲಿ ನನ್ನದು ಮೂರನೇ ಗೇರಿನಲ್ಲಿ ಹಾರಿಕೊಂಡು ಹೋಗುತ್ತಿತ್ತು. ಹಲ್ಲಿನ ಸೆಟ್ ಮಾಡುವ ಲ್ಯಾಬ್‌ನಲ್ಲಿ ದಿನವಿಡೀ ಕೂತು ಕೆಲಸ ಮಾಡುವವಳಿಗೆ ಬೆಳಗಿನ ಆ ಇಪ್ಪತ್ತು ನಿಮಿಷವೇ ಹಬ್ಬ.

ಆದರೆ ಅಥೆನ್ಸಿನ ನಡುಊರಿಗೆ ಎಲ್ಲ ಕಾರುಗಳನ್ನೂ ಎಲ್ಲ ದಿನವೂ ಬಿಡುವುದಿಲ್ಲ. ಬೆಸ ತಾರೀಕಿಗೆ ಬೆಸ ನಂಬರಿನವು, ಸಮ ತಾರೀಕಿಗೆ ಸಮ ನಂಬರಿನವು. ನನ್ನ ಮೇಕೆಯದು ಕೊನೆಗೆ ಏಳು. ಅರ್ಗಿರಿಸ್‌ನದು ನಾಲ್ಕು. ಮೂರು ವರ್ಷದ ಹಿಂದೆ ಬಸ್ ಮುಷ್ಕರದ ದಿನ ಬೇಕರಿಯ ಮುಂದೆ ನಿಂತಿದ್ದ ಅವನನ್ನು ಹತ್ತಿಸಿಕೊಂಡಿದ್ದೆ. ನಾಲ್ಕು ಮಡಿಕೆಯಾಗಿ ಒಳಗೆ ಕೂತ ಆ ಉದ್ದದ ಮನುಷ್ಯ, ಇಳಿಯುವಾಗ "ನಾಳೆ ಸಮ ತಾರೀಕು, ನನ್ನ ಸರದಿ," ಎಂದ. ಅಷ್ಟೇ. ಅಲ್ಲಿಂದ ಸರದಿ ತಪ್ಪಿದ್ದಿಲ್ಲ.

ಮೂವತ್ತೊಂದರ ಮರುದಿನ ಒಂದು ಬಂದಾಗ ಎರಡು ದಿನ ಸತತವಾಗಿ ನನ್ನದೇ ಸರದಿ. "ಈ ಕ್ಯಾಲೆಂಡರ್ ಮಾಡಿದವನಿಗೆ ನನ್ನ ಮಂಡಿ ಮೇಲೆ ದ್ವೇಷ," ಎಂದು ಅರ್ಗಿರಿಸ್ ಗೊಣಗುತ್ತಿದ್ದ. ಗೊಣಗುತ್ತಲೇ ಹತ್ತು ನಿಮಿಷ ಮೊದಲೇ ಬಂದು ನಿಂತಿರುತ್ತಿದ್ದ.

ಹಾಗಿದ್ದ ಮೇಕೆಯನ್ನು ಯಾಕೆ ಕೊಡಲು ಹೊರಟೆ? ಒಂದು ಕಾಗದದಿಂದ.

ಫೆಬ್ರವರಿಯಲ್ಲಿ ಒಂದು ದಿನ ನನಗೆ ನೆಗಡಿ. ಟಿಶ್ಯೂ ಹುಡುಕುತ್ತ ಅವನ ಕಾರಿನ ಗ್ಲೋವ್ ಬಾಕ್ಸ್ ತೆಗೆದೆ. ನಾಲ್ಕಾಗಿ ಮಡಚಿದ ಕಾಗದವೊಂದು ಕೈಗೆ ಬಂತು. ಹಸಿರು ಅಂಚು, ದುಂಡನೆಯ ಮುದ್ರೆಯ ಅರ್ಧಭಾಗ, ಅವನ ಪೂರ್ತಿ ಹೆಸರು. ಅಷ್ಟು ಕಾಣುವುದರೊಳಗೆ ಅವನು ಕಸಿದು ಒಳಗೆ ತುರುಕಿ ಮುಚ್ಚಿದ.

"ಟಿಶ್ಯೂ ಇಲ್ಲಿದೆ, ತಗೋ," ಎಂದ. ಕಿವಿ ಕೆಂಪಗಾಗಿತ್ತು.

ಅವನು ಚಿಕ್ಕಪ್ಪನ ಗುಂಡಿ-ದಾರದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅದೇ ವಾರ, "ಮದುವೆ ಸೂಟಿಗೆ ಗುಂಡಿ ಆರಿಸ್ತಿದ್ದೀನಿ, ತಲೆ ಕೆಟ್ಟುಹೋಗಿದೆ," ಎಂದಿದ್ದ. ಯಾರ ಮದುವೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಮುದ್ರೆಯನ್ನೂ ಗುಂಡಿಯನ್ನೂ ಸೇರಿಸಿ ನಾನೇ ಒಂದು ಮದುವೆ ಮಾಡಿ ಮುಗಿಸಿದೆ. ಹುಡುಗಿಗೆ ಮುಖ ಕೊಟ್ಟೆ, ಎತ್ತರ ಕೊಟ್ಟೆ, ಅವಳನ್ನು ದ್ವೇಷಿಸಲೂ ಕಲಿತೆ.

ಇನ್ನೊಬ್ಬಳ ಗಂಡನಾಗುವವನ ಪಕ್ಕ ದಿನವೂ ಕೂರುವುದು ನನ್ನಿಂದಾಗಲಿಲ್ಲ. ಹೊಸ ಕಾರುಗಳು ಹೊಗೆ ಕಡಿಮೆ ಬಿಡುತ್ತವೆ, ಅವಕ್ಕೆ ಸಮ-ಬೆಸದ ಕಟ್ಟಿಲ್ಲ ಎಂದು ಎಲ್ಲೋ ಓದಿದ್ದೆ. ಅಂಥದೊಂದು ಕೊಂಡರೆ ಅವನ ಹಂಗಿಲ್ಲ. ಬುದ್ಧಿ ಹೇಳಿದ್ದು ಇದು. ಮನಸ್ಸು ಏನು ಹೇಳುತ್ತಿತ್ತೋ, ಮೇಕೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಮೂವತ್ತೊಂದರಂದು ಮೇಕೆಯಲ್ಲಿ ನಮ್ಮ ಕೊನೆಯ ಸವಾರಿ. ಅರ್ಗಿರಿಸ್ ಎಂದಿನಂತೆ ಕುಲೂರಿ ತಂದಿದ್ದ. ಬಳೆಯಂಥ ಆ ಬ್ರೆಡ್ಡಿನಿಂದ ಎಳ್ಳು ಸೀಟಿಗೆಲ್ಲ ಉದುರಿತು. ಪ್ರತಿ ಸಲ ನಾನು ಬಯ್ಯುತ್ತಿದ್ದೆ. ಅವತ್ತು ಬಯ್ಯಲಿಲ್ಲ.

ಅವನು ಅಗಿಯುವುದನ್ನು ನಿಲ್ಲಿಸಿದ. "ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ."

"ಎಳ್ಳು ಬೀಳ್ತಿದೆ ಕಣೆ."

"ಬೀಳ್ಲಿ ಬಿಡು."

ಉಳಿದ ದಾರಿಯೆಲ್ಲ ಅವನು ನನ್ನನ್ನು ಕದ್ದು ಕದ್ದು ನೋಡಿದ. ನಾನು ರಸ್ತೆಯನ್ನು ನೋಡಿದೆ. ನಾಳೆಯಿಂದ ಇವನು ಪಕ್ಕದಲ್ಲಿರುವುದಿಲ್ಲ ಎಂದುಕೊಂಡಾಗ ರಸ್ತೆ ಮಸುಕಾಯಿತು. ನಾನೇ ಬೇಕೆಂದು ಮಾಡಿಕೊಂಡದ್ದಕ್ಕೆ ನಾನೇ ಅಳುವುದು ಯಾವ ನ್ಯಾಯ?

ಮರುದಿನ ಬೆಳಿಗ್ಗೆ ಒಬ್ಬಳೇ ಶೋರೂಮಿಗೆ ಹೋದೆ. ಸೇಲ್ಸ್‌ನವನು ಮೇಕೆಯ ಸುತ್ತ ಒಂದು ಸುತ್ತು ಹಾಕಿ, ಒಳಗೆ ಬಗ್ಗಿ ನೋಡಿದ.

"ಈ ಕಡೆ ಸೀಟು ಹಿಂದಕ್ಕೆ ಸಿಕ್ಕಿಹಾಕಿಕೊಂಡಿದೆಯಾ, ಮೇಡಂ?" ಎಂದು ಲಿವರ್ ಎಳೆದ.

"ಅದು ಹಾಗೇ ಇರಲಿ," ಎಂದುಬಿಟ್ಟೆ. ಅವನು ವಿಚಿತ್ರವಾಗಿ ನೋಡಿದ. ಇನ್ನು ಅರ್ಗಿರಿಸ್ ಅಲ್ಲ, ಬೇರೆ ಯಾರೋ ಕೂರುವ ಸೀಟು ಅದು. ಹೇಗಿದ್ದರೆ ನನಗೇನು?

ಸಹಿ ಹಾಕಿದೆ. ಕೀ ಕೊಟ್ಟೆ. ಬಾನೆಟ್ ಮೇಲೆ ಅಂಗೈ ಇಟ್ಟೆ, ಇನ್ನೂ ಬೆಚ್ಚಗಿತ್ತು. ಆಗ ಅವನು ಬಿಳೀ ಕಾರಿನ ಕಾಗದಗಳನ್ನು ಒಂದೊಂದಾಗಿ ಕೈಗಿಟ್ಟ.

"ಇದು ಇನ್ಶೂರೆನ್ಸ್. ಇದು ನಡುಊರಿನ ಪಾಸು. ನಿಮ್ಮ ಹೆಸರಿಗೇ ತೆಗೆಸಿದ್ದೀನಿ. ಇದಿದ್ದರೆ ಸಮ, ಬೆಸ ಏನೂ ಇಲ್ಲ, ದಿನಾ ಹೋಗಬಹುದು."

ಹಸಿರು ಅಂಚು. ದುಂಡನೆಯ ಮುದ್ರೆ. ನನ್ನ ಪೂರ್ತಿ ಹೆಸರು.

"ಈ ಪಾಸು ಬೂದು ಕಾರುಗಳಿಗೂ ಕೊಡ್ತಾರಾ?" ಎಂದು ಕೇಳಿದೆ.

"ಬಣ್ಣ ಯಾವುದಾದರೇನು, ಮೇಡಂ? ಎಂಜಿನ್ ಹೊಸ ಮಾದರಿಯದಾಗಿದ್ದರೆ ಸಾಕು."

ಅರ್ಗಿರಿಸ್ ತನ್ನ ಹಳೇ ಕಾರು ಕೊಟ್ಟು, ಅದರಂತೆಯೇ ಸಮ ನಂಬರಿನ ಈ ಬೂದು ಕಾರು ಕೊಂಡು ಎರಡು ವರ್ಷವಾಗಿತ್ತು. ಅದರ ಎಂಜಿನ್ ಯಾವುದು ಎಂದು ನಾನು ಒಂದು ದಿನವೂ ವಿಚಾರಿಸಿರಲಿಲ್ಲ. ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟೆ.

ಫೋನ್ ಬಂತು. ಅವನೇ.

"ಎಲ್ಲಿದ್ದೀಯೇ? ಬೇಕರಿ ಮುಂದೆ ಅರ್ಧ ಗಂಟೆಯಿಂದ ನಿಂತಿದ್ದೀನಿ. ಇವತ್ತು ನಿನ್ನ ಸರದಿ."

"ಹೇಳಿದ್ನಲ್ಲ, ಮೇಕೆ ಕೊಡ್ತೀನಿ ಅಂತ. ಕೊಟ್ಟೆ."

ಬಸ್ಸೊಂದು ಹಾದುಹೋದ ಸದ್ದು ಬಂತು.

"ನಿಜವಾಗ್ಲೂ?" ಎಂದ. "ನಾನು ತಮಾಷೆ ಅಂದ್ಕೊಂಡೆ."

ಎಲ್ಲ ಹೇಳಿಬಿಡಬೇಕು ಎನಿಸಿತು. ತುದಿನಾಲಗೆಗೆ ಬಂದಿತ್ತು. ಆದರೆ ಏಪ್ರಿಲ್ ಒಂದರಂದು ಹೇಳಿದ ಮಾತನ್ನು ಯಾರು ನಂಬುತ್ತಾರೆ? ಅವನು ನಕ್ಕರೆ ನಾನು ಸತ್ತೇ ಹೋಗುತ್ತಿದ್ದೆ. "ಬಸ್ ಹಿಡಿ," ಎಂದು ಇಟ್ಟೆ.

ಅವತ್ತು ಸಂಜೆ ಅಮ್ಮ ಬಿಳೀ ಕಾರಿಗೆ ಸುತ್ತು ಬಂದು, "ಇದಕ್ಕೇನು ಹೆಸರು?" ಎಂದಳು. ಗೊತ್ತಿಲ್ಲ ಎಂದೆ. ಆಗ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ, ಅದೂ ಕಾರಿನದಲ್ಲ.

ಎರಡನೇ ತಾರೀಕು ಎಂಟಕ್ಕೆ ಕಾಲು ಗಂಟೆ ಇರುವಾಗ ಎರಡು ಕುಲೂರಿ ಹಿಡಿದು ಬೇಕರಿ ಮುಂದೆ ನಿಂತೆ. ಅವನು ಬರದೇ ಇರಬಹುದು. ಬಂದರೂ ನಿಲ್ಲಿಸದೇ ಹೋಗಬಹುದು. ಎಂಟಾಯಿತು. ಎಂಟು ಐದಾಯಿತು. ಆಮೇಲೆ ಬೂದು ಕಾರು ತಿರುವಿನಲ್ಲಿ ಕಾಣಿಸಿತು. ನನ್ನನ್ನು ನೋಡಿ ಅದು ನಡುರಸ್ತೆಯಲ್ಲೇ ನಿಂತಿತು.

"ಹೊಸ ಕಾರು ಕೆಟ್ಟೋಯ್ತಾ?" ಅವನು ಗಾಜು ಇಳಿಸಿದ.

"ಚೆನ್ನಾಗಿದೆ. ಇವತ್ತು ಸಮ ತಾರೀಕು. ನಿನ್ನ ಸರದಿ."

ಹತ್ತಿ ಕೂತೆ. ಕೇಳದೆಯೇ ಗ್ಲೋವ್ ಬಾಕ್ಸ್ ತೆಗೆದೆ. ಅವನ ಕೈ ಅರ್ಧ ಮುಂದೆ ಬಂದು ನಿಂತಿತು. ಕಾಗದ ಬಿಚ್ಚಿದೆ. ಹಿಂದೆ ಇನ್ನೊಂದನ್ನು ಪಿನ್ ಮಾಡಿದ್ದ, ಅದರ ಹಿಂದಿನ ವರ್ಷದ್ದು.

"ದಿನಾ ಹೋಗೋ ಪಾಸು. ಎರಡು ವರ್ಷದ್ದು," ಎಂದೆ. "ಇದನ್ನ ಇಟ್ಕೊಂಡು ನನ್ನ ಮೇಕೆಯಲ್ಲಿ ಮಂಡಿ ಮಡಚ್ಕೊಂಡು ಯಾಕೋ ಕೂರ್ತಿದ್ದೆ?"

ಅವನ ಕಿವಿ ಮತ್ತೆ ಕೆಂಪಾಯಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

"ಪಾಸಿದೆ ಅಂತ ಗೊತ್ತಾಗಿದ್ರೆ ಹತ್ತಿಸ್ಕೊಳ್ತಿದ್ಯಾ?"

"ನಾನು ಇದನ್ನ ನಿನ್ನ ಮದುವೆ ಕಾಗದ ಅಂದ್ಕೊಂಡೆ."

"ಮದುವೆನಾ? ಯಾರ ಜೊತೆ?"

"ಗುಂಡಿ ಆರಿಸ್ತಿದ್ಯಲ್ಲ, ಸೂಟಿಗೆ."

"ಗಿರಾಕಿಗೆ ಕಣೆ ಮಾರಾಯ್ತಿ. ಇಪ್ಪತ್ತು ಸಲ ವಾಪಸ್ ತಂದ." ತಟ್ಟನೆ ನನ್ನ ಕಡೆ ತಿರುಗಿದ. "ಅದಕ್ಕೇ ಮೇಕೆ ಕೊಟ್ಯಾ?"

ಆಗ ಅಳು ಬಂತು. ಮೇಕೆಗಾಗಿ ಅತ್ತೆನೋ, ಕಳೆದ ಎರಡು ತಿಂಗಳಿಗಾಗಿ ಅತ್ತೆನೋ ತಿಳಿಯಲಿಲ್ಲ. ಇನ್ನು ಯಾರೋ ಅದನ್ನು ಏರಿನಲ್ಲಿ ಹಾರಿಸುತ್ತಾರೆ, ಅದು ನನಗೆ ಮರಳಿ ಬರುವುದಿಲ್ಲ. ಅರ್ಗಿರಿಸ್ ಟಿಶ್ಯೂ ಹುಡುಕಿದ. ಸಿಗಲಿಲ್ಲ. ತನ್ನ ಅಂಗಿಯ ತೋಳನ್ನೇ ಕೊಟ್ಟ.

"ನಿನ್ನನ್ನ ಪ್ರೀತಿಸ್ತೀನಿ ಕಣೋ," ಎಂದೆ, ತೋಳಿಗೆ ಮುಖ ಒರೆಸುತ್ತ. "ಇವತ್ತು ಎರಡನೇ ತಾರೀಕು. ಸುಳ್ಳಲ್ಲ."

"ನಾನು ಆ ಮುಷ್ಕರದ ದಿನದಿಂದ," ಎಂದ ಅವನು.

ಹಿಂದೆ ಈಗ ಮೂರು ಹಾರ್ನ್. ಚೀಲದಲ್ಲಿದ್ದ ನನ್ನ ಪಾಸನ್ನು ನಾಲ್ಕಾಗಿ ಮಡಚಿ, ಇಳಿಯುವ ತನಕ ಇರಲಿ ಎಂದು ಅವನ ಪಾಸಿನ ಜೊತೆಗಿಟ್ಟು ಗ್ಲೋವ್ ಬಾಕ್ಸ್ ಮುಚ್ಚಿದೆ. ಅವನು ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ನನ್ನ ಕೈ ಹಿಡಿದು ಕಾರು ಬಿಟ್ಟ. ಗೇರ್ ಬದಲಿಸುವಾಗಲೂ ಕೈ ಬಿಡಲಿಲ್ಲ.

"ಹೊಸ ಕಾರಿನ ನಂಬರ್ ಎಷ್ಟು?" ಎಂದು ಕೇಳಿದ.

"ಕೊನೆಗೆ ಎಂಟು."

"ಅಯ್ಯೋ, ಅದೂ ಸಮ. ಹಾಗಾದ್ರೆ ಬೆಸ ತಾರೀಕಿಗೆ?"

"ಬೆಸ ತಾರೀಕು ನನ್ನದೇ, ಪಾಸಿದೆಯಲ್ಲ," ಎಂದೆ. "ನಾಳೆ ಮೂರು. ನಿನ್ನ ಕಡೆ ಸೀಟನ್ನ ನಿನ್ನೆ ಸಂಜೆಯೇ ಪೂರ್ತಿ ಹಿಂದಕ್ಕೆ ತಳ್ಳಿಟ್ಟಿದ್ದೀನಿ."