ಪ್ರೆಶರ್ ಉಪ್ಪು

ಜೀಪಿನ ಹ್ಯಾಂಡಲ್ ನನ್ನ ಕುತ್ತಿಗೆಗೆ ಅಡ್ಡ ಇತ್ತು.

ಮುಂದಿನಿಂದ ತಿರುಗಿಸಿ ಜೀಪು ಚಾಲೂ ಮಾಡುವ ಕಬ್ಬಿಣದ ಸರಳು. ಬಿಸಿಲಿಗೆ ಕಾದದ್ದು. ಅದರ ಎರಡೂ ತುದಿ ಹಿಡಿದು ನನ್ನನ್ನು ಗೋಡೆಗೆ ಒತ್ತುತ್ತಿದ್ದವನು ಡ್ರೈವರ್ ಧೂಳಪ್ಪ. ಆಳು ಕೋಣನಂತೆ... ಬುದ್ಧಿಯೂ ಹಾಗೇ!

"ಯಾರ ಕಳಿಸ್ಯಾರ ನಿನ್ನ? ಹೇಳ!"

ಹೇಳುವುದಕ್ಕೆ ಉಸಿರು ಬೇಕಲ್ಲ?

"ಸಡಲ... ಮಾಡ... ಹೇಳ್ತೇನಿ..."

ಸಡಿಲ ಮಾಡಿದ. ಮೊಣಕಾಲು ಎತ್ತಿ ಕೊಟ್ಟೆ. ಎಲ್ಲಿಗೆ ಅಂತ ಕೇಳಬೇಡಿ. ಅವನು ಹಿಂದಿದ್ದ ಚೀಲಗಳ ಮೇಲೆ ಬಿದ್ದ. ಒಂದು ಚೀಲ ಹರಿದು ಬಿಳಿ ಹರಳು ನೆಲದ ತುಂಬ ಚೆಲ್ಲಿತು.

ಒಂದು ಚಿಟಿಕೆ ನಾಲಿಗೆಗೆ ಮುಟ್ಟಿಸಿದೆ. ಉಪ್ಪು... ಅದರ ಬೆನ್ನಿಗೇ ಕಹಿ!

ಚೀಲದ ಮೇಲೆ ಇಂಗ್ಲಿಷ್ ಅಚ್ಚು. ಮ್ಯೂರಿಯೇಟ್ ಆಫ್ ಪೊಟ್ಯಾಶ್. ಹೊಲಕ್ಕೆ ಹಾಕುವ ಗೊಬ್ಬರ. ಪಕ್ಕದಲ್ಲಿ ಕಾಗದದ ಪೊಟ್ಟಣಗಳ ರಾಶಿ. ಮನುಷ್ಯರ ಹೊಟ್ಟೆಗೆ ಹಾಕುವುದಕ್ಕೆ!

ಮುದ್ದೇಬಿಹಾಳದ ಆ ತಗಡಿನ ಶೆಡ್ಡಿಗೆ ನಾನು ಯಾಕೆ ನುಗ್ಗಿದ್ದೆ ಅಂತ ಮೊದಲು ಹೇಳಿಬಿಡುತ್ತೇನೆ.

ನಾನು ನಬಿಸಾಬ. ಹಿಂದೆ ಪೊಲೀಸ್ ಜಮಾದಾರ. ಸಾಹೇಬರಿಗೂ ನನಗೂ ಆಗಿಬರಲಿಲ್ಲ, ಖಾಕಿ ಬಿಚ್ಚಿಟ್ಟೆ. ಆಮೇಲೆ ಇಂಡಿ ಊರಲ್ಲಿ ಕೂತು ಹುಡುಕುವ ಕೆಲಸ. ಓಡಿಹೋದ ಗಂಡ, ಕಳುವಾದ ಎತ್ತು... ಯಾವುದಾದರೂ ಸೈ.

ಅರವತ್ತೈದನೇ ಇಸವಿಯ ಬೇಸಿಗೆಯಲ್ಲಿ ಡಾಕ್ಟರ್ ಸುಮಿತ್ರಾಬಾಯಿ ಕರೆಸಿದರು. ಇಂಡಿಯಲ್ಲಿ ಅವರದು ಸಣ್ಣ ದವಾಖಾನೆ. ಅವರು ಬೈದರೆ ಅರ್ಧ ಜಡ್ಡು ತಾನೇ ಓಡುತ್ತಿತ್ತು. ಅವತ್ತು ಬೈಯಲಿಲ್ಲ. ನನಗೆ ಅದೇ ಹೆದರಿಕೆ!

"ನಬಿಸಾಬ, ರಾಚಪ್ಪನ್ನ ಹುಡುಕಿ ಕೊಡ್ರಿ."

"ನಿಮ್ಮ ಕಂಪೌಂಡರ್ ರಾಚಪ್ಪನ್ರಿ?"

"ಆಗ ಕಂಪೌಂಡರ್. ಈಗ ತಾನs ಡಾಕ್ಟರ್ ಆಗ್ಯಾನ. ಸಂತಿ ಸಂತಿ ತಿರುಗಿ ಬ್ಲಡ್ ಪ್ರೆಶರ್ ಇಳಿಸ್ತೈತಿ ಅಂತ ಪ್ರೆಶರ್ ಉಪ್ಪು ಮಾರಾಕತ್ತಾನ. ಹೊರ್ತಿ ಊರಾಗ ಒಬ್ಬಾಂವ ಉಣ್ಣಾಕ ಕುಂತಲ್ಲೇ ಹೋದ. ಸಿಂದಗ್ಯಾಗ ಒಬ್ಬಾಕಿ ನೀರು ಸೇದ್ಕೋತ ಬಿದ್ಲು. ಇಬ್ಬರೂ ನನ್ನ ಪೇಶಂಟ್."

"ವಿಷಾನ್ರಿ?"

"ವಿಷ ಆಗಿದ್ರ ಚಲೋ ಇತ್ತು, ಜನ ಹೆದರ್ತಿದ್ರು. ಅದು ಪೊಟ್ಯಾಶಿಯಂ. ನಾನೂ ಕೊಡ್ತೇನಿ!"

"ನೀವೂ ಕೊಡ್ತೀರೇನ್ರಿ?"

"ಪ್ರೆಶರಿಗೆ ಈಗೊಂದು ಹೊಸಾ ಗುಳಗಿ ಬಂದೈತಿ. ಮೂತ್ರ ಹೆಚ್ಚ ಹೋಗ್ತೈತಿ, ಅದರ ಜೋಡಿ ಮೈಯಾಗಿನ ಪೊಟ್ಯಾಶಿಯಂ ಸೋರಿ ಹೋಗ್ತೈತಿ. ಅದನ್ನ ತುಂಬಾಕ ಚಮಚಾದಾಗ ಅಳದು ಕೊಡ್ತೇನಿ. ಅದರಿಂದ ಪ್ರೆಶರೂ ಒಂದೀಟು ಇಳೀತೈತಿ. ರಾಚಪ್ಪ ಅಷ್ಟs ನೋಡ್ಯಾನ."

"ನೋಡಲಾರದ್ದು ಏನ್ರಿ?"

"ಕಿಡ್ನಿ. ಅದು ಗಟ್ಟಿ ಇದ್ರ ಹೆಚ್ಚಾದದ್ದನ್ನ ಹೊರಗ ಹಾಕ್ತೈತಿ. ಕೆಟ್ಟಿದ್ರ ಎಲ್ಲಾ ರಕ್ತದಾಗ ನಿಂದರತೈತಿ... ಎದಿ ಬಡಿತಾನ ನಿಲ್ಲಸ್ತೈತಿ. ಕಾಲು ಬಾತವ್ರಿಗೆ, ಮಾರಿ ಉಬ್ಬಿದವ್ರಿಗೆ ನಾನು ಚಮಚಾನೂ ಕೊಡಂಗಿಲ್ಲ. ಅಂವ ಮುಷ್ಟಿಲೆ ಕೊಡಾಕತ್ತಾನ!"

ಸಿಂದಗಿಯಲ್ಲಿ ವಾಸನೆ ಸಿಕ್ಕಿತು. ಮುದ್ದೇಬಿಹಾಳದಲ್ಲಿ ಶೆಡ್ಡು ಸಿಕ್ಕಿತು. ಶೆಡ್ಡಿನಲ್ಲಿ ಧೂಳಪ್ಪ ಸಿಕ್ಕಿದ್ದ.

ಈಗ ಹ್ಯಾಂಡಲ್ ನನ್ನ ಕೈಯಲ್ಲಿತ್ತು.

"ರಾಚಪ್ಪ ಎಲ್ಲಿ ಅದಾನ?"

"ಬಾಗೇವಾಡಿ... ಮನಿಗೆ ಹೋಗ್ಯಾನ. ಅವರವ್ವಗ ಆರಾಮಿಲ್ಲ..."

"ಏನಾಗೇತಿ?"

"ಕಾಲು ಬಾತಾವ. ಉಪ್ಪು ಹೆಚ್ಚ ಮಾಡಬೇಕು ಅಂತಂದು ಹೋದ..."

ಕಾಲು ಬಾತವರಿಗೆ ಚಮಚೆಯೂ ಕೂಡದು ಅಂದಿದ್ದರು ಡಾಕ್ಟರಬಾಯಿ!

ಹೊರಗೆ ಓಡಿದೆ. ಮೋಟರ್ ಸೈಕಲ್ ಒದ್ದೆ. ಜೀಪಿನ ಹ್ಯಾಂಡಲ್ ನನ್ನ ಜೊತೆಗೇ ತಂದಿದ್ದೆ. ಹ್ಯಾಂಡಲ್ ಇಲ್ಲದೆ ಆ ಹಳೇ ಜೀಪು ಚಾಲೂ ಆಗುವುದಿಲ್ಲ ಅಂತ ನನ್ನ ಲೆಕ್ಕ.

ಲೆಕ್ಕ ತಪ್ಪಿತು!

ನಿಡಗುಂದಿಗೆ ಇನ್ನೂ ದೂರ ಇರುವಾಗಲೇ ಹಿಂದೆ ಧೂಳೆದ್ದಿತು. ಜೀಪು! ಜನ ನೂಕಿ ಕೊಟ್ಟಿದ್ದರು. ಪ್ರೆಶರ್ ಉಪ್ಪಿನ ಡಾಕ್ಟರರ ಜೀಪು ಅಂದರೆ ನೂಕುವ ಕೈಗಳಿಗೇನು ಬರ?

ಹಾರ್ನ್ ಇಲ್ಲ. ಮಾತಿಲ್ಲ. ಸೀದಾ ಬಂದು ನನ್ನ ಹಿಂದಿನ ಗಾಲಿಗೆ ಗುದ್ದಿದ.

ಗಾಡಿ ವಾಲಾಡಿತು. ಜೀಪಿನ ಹ್ಯಾಂಡಲ್ ಜಾರಿ ಎಲ್ಲೋ ಬಿತ್ತು. ಮುಂದೆ ಒಣಗಿದ ಹಳ್ಳ, ಅದರ ಮೇಲೆ ಗಾಡಿಯಷ್ಟೇ ಅಗಲದ ಮೋರಿ. ಅವನು ಮತ್ತೊಮ್ಮೆ ಗುದ್ದಲು ಬಂದ. ನಾನು ಬಿರ್ರನೆ ಎಡಕ್ಕೆ ಎಳೆದು ಎರೆಹೊಲಕ್ಕೆ ಹಾರಿಸಿದೆ. ಬಾಯ್ಬಿಟ್ಟ ಎರೆ ಬಿರುಕು... ಬಿದ್ದೆ. ಮೊಣಕೈ ಚರ್ಮ ಸುಲಿದು ಹೋಯಿತು.

ಅವನಿಗೆ ತಿರುಗಿಸಲು ಆಗಲಿಲ್ಲ. ಜೀಪು ಮೋರಿಯ ಕಟ್ಟೆ ಮುರಿದು ಹಳ್ಳಕ್ಕೆ ಉರುಳಿತು. ಗಾಲಿ ಮೇಲೆ... ಧೂಳಪ್ಪ ಪಕ್ಕದಲ್ಲಿ ಕೂತು ನನ್ನ ತಾಯಿ, ತಂಗಿ ಎಲ್ಲರನ್ನೂ ನೆನೆಯುತ್ತಿದ್ದ. ಬದುಕಿದ್ದಾನೆ, ಸಾಕು.

ಖುಷಿಯಾಯಿತು ನನಗೆ. ಗೆದ್ದೆ ಅಂದುಕೊಂಡೆ!

ಬಿದ್ದ ಗಾಡಿ ಎತ್ತಿಕೊಂಡು ಬಾಗೇವಾಡಿ ಓಣಿ ಹೊಕ್ಕಾಗ ಹೊತ್ತು ಇಳಿಯುತ್ತಿತ್ತು. ರಾಚಪ್ಪನ ಮನೆ, ತೆರೆದ ಬಾಗಿಲು. ಪಡಸಾಲೆಯಲ್ಲಿ ಹೊರಸಿನ ಮೇಲೆ ಅವನ ತಾಯಿ, ಮುದುಕಿ ಕಸ್ತೂರೆವ್ವ. ಕಾಲು ಕುಂಬಳಕಾಯಿಯಷ್ಟು ಬಾತಿದ್ದವು. ಪಕ್ಕದಲ್ಲಿ ಬಿಳಿ ಅಂಗಿ, ಚಸ್ಮಾ ಹಾಕಿದ ರಾಚಪ್ಪ. ಹಿತ್ತಾಳೆ ಲೋಟದ ಮಜ್ಜಿಗೆಗೆ ಆ ಬಿಳಿ ಹರಳು ಹಾಕಿ ಕಲಕುತ್ತಿದ್ದ.

"ಲೋಟ ಕೆಳಗ ಇಡ, ರಾಚಪ್ಪ!"

ತಿರುಗಿ ನೋಡಿದ. ಹೆದರಲಿಲ್ಲ. ನನಗೆ ಬೇಕಾದದ್ದು ಕಳ್ಳನ ಮುಖ. ಅದು ಅಲ್ಲಿ ಇರಲಿಲ್ಲ.

"ಬಾಯಾರು ಕಳಿಸಿದ್ರೇನು? ಅವ್ರಿಗೆ ಹೊಟ್ಟಿಕಿಚ್ಚ, ನಬಿಸಾಬ. ನಮ್ಮವ್ವನ ಪ್ರೆಶರ್ ಇಳಿದೈತಿ. ಇಲ್ಲೇ ಮಶೀನ್ ಐತಿ, ಹಚ್ಚಿ ತೋರಸ್ಲೇನು?"

"ಪ್ರೆಶರ್ ಇಳಿದೈತಿ, ಖರೆ. ಕಾಲು ನೋಡಿಯೇನು? ಅವರ ಕಿಡ್ನಿ ಹೋಗೇತಿ! ನೀ ಕೊಟ್ಟದ್ದೆಲ್ಲಾ ಒಳಗs ಕುಂತೈತಿ!"

"ಹೆತ್ತವ್ವಗ ನಾ ವಿಷ ಹಾಕ್ತೇನೇನು?"

ಕಸ್ತೂರೆವ್ವ ನನ್ನ ಕಡೆ ನೋಡಿ ನಕ್ಕಳು. "ಬೈಬ್ಯಾಡ ತಮ್ಮಾ. ವರ್ಷಗಟ್ಟಲೆ ತಲಿಶೂಲಿ ಇತ್ತು. ನನ್ನ ಮಗನ ಕೈಗುಣ, ಹೋತು ನೋಡ. ಕೈಕಾಲಾಗ ಕಸುವಿಲ್ಲ, ಅಷ್ಟ..."

ಕೈ ಚಾಚಿದಳು. ಲೋಟಕ್ಕೆ.

ನಾನು ಬಡಿದೆ. ಲೋಟ ಠಣ್ಣನೆ ಹಾರಿ ಬಾಗಿಲಾಚೆ ಬಿತ್ತು. ಮಜ್ಜಿಗೆ ಅವಳ ಸೀರೆಯ ಮೇಲೆಲ್ಲ ಚೆಲ್ಲಿತು. ನೆರೆಹೊರೆಯವರು ಹೊಸ್ತಿಲಿಗೆ ಬಂದು ನಿಂತರು.

"ನಾಡಿ ಹಿಡಿ," ಅಂದೆ. "ಕಂಪೌಂಡರ್ ಅಲ್ಲೇನು ನೀ? ಹಿಡಿದು ನೋಡ!"

ಹಿಡಿದ. ನನಗೆ ತೋರಿಸಲಿಕ್ಕೆ ಹಿಡಿದ.

ನೋಡುತ್ತಿದ್ದಂತೆ ಅವನ ಮುಖದ ನೆತ್ತರು ಇಳಿಯಿತು. ಬೆರಳು ಸರಿಸಿ ಮತ್ತೆ ಹಿಡಿದ. ಇನ್ನೊಂದು ಕೈ ಹಿಡಿದ.

"ತಪ್ಪಾಕತ್ತೈತಿ..." ಅಂದ. ಪಿಸುದನಿ. "ಬಡಿತ... ತಪ್ಪಾಕತ್ತೈತಿ."

"ಬಿಜಾಪುರ ದವಾಖಾನಿಗೆ ಒಯ್ಯೂಣು. ಈಗಿಂದೀಗ!"

"ಜೀಪ್!" ಬಾಗಿಲಿಗೆ ಓಡಿದ. "ಧೂಳಪ್ಪಗ ಹೇಳಿ ಕಳಸ್ರೋ! ಜೀಪ್ ತರಸ್ರಿ!"

ನಾನು ಅವನ ತೋಳು ಹಿಡಿದೆ. 

"ಜೀಪು ಹಳ್ಳದಾಗ ಬಿದ್ದೈತಿ, ರಾಚಪ್ಪ."

"ಯಾರಿಂದ..."

"ನನ್ನಿಂದ."

ಕೂಗಾಡಲಿಲ್ಲ ಅವನು. ಸುಮ್ಮನೆ ನೋಡಿದ. ಹ್ಯಾಂಡಲ್‌ಗಿಂತ ಆ ನೋಟವೇ ಜೋರಾಗಿ ಕುತ್ತಿಗೆ ಒತ್ತಿತು.

ಯಾರೋ ಬಂಡಿ ತಂದರು. ಎತ್ತು ಹೂಡಿದರು. ಹೊರಸಿನ ಸಮೇತ ಮುದುಕಿಯನ್ನು ಎತ್ತಿದೆವು. ರಾಚಪ್ಪ ತಲೆ ಕಡೆ, ನಾನು ಕಾಲ ಕಡೆ. ಬಾತ ಕಾಲು ನನ್ನ ಎದೆಗೆ ತಗಲುತ್ತಿತ್ತು. ಹೊಸ್ತಿಲು ದಾಟುವಾಗ ಅವಳು, "ಯಪ್ಪಾ, ಎದ್ಯಾಗ ಏನೋ..." ಅಂದಳು.

ಅಷ್ಟೇ.

ನರಳಲಿಲ್ಲ. ಒದ್ದಾಡಲಿಲ್ಲ. ದೀಪದ ಬತ್ತಿ ಇಳಿಸಿದ ಹಾಗೆ!

ಮೊದಲು ಬಾಯಿ ಬಿಟ್ಟವಳು ಪಕ್ಕದ ಮನೆಯ ಇಂದುಬಾಯಿ.

"ಉಪ್ಪು ಚೆಲ್ಲಿದ! ಕುಡ್ಯಾಕ ಹತ್ತಿದ್ದ ಔಷಧಾ ಬಡದು ಚೆಲ್ಲಿದ! ಅದಕ್ಕs ಹೋತು ಜೀವ!"

ಓಣಿ ಎಲ್ಲ ನನ್ನ ಕಡೆ ತಿರುಗಿತು.

ನಾನು ರಾಚಪ್ಪನ ಮುಖ ನೋಡಿದೆ. ಅವನಿಗೆ ಗೊತ್ತಿತ್ತು. ನಾಡಿ ಹಿಡಿದ ಬೆರಳು ಅವನದೇ. ಒಂದು ಮಾತು... ಒಂದೇ ಮಾತು ಹೇಳಿದರೆ ಸಿಂದಗಿ, ಮುದ್ದೇಬಿಹಾಳ, ಎಲ್ಲ ಕಡೆ ಆ ಪೊಟ್ಟಣ ನಿಲ್ಲುತ್ತಿತ್ತು.

ಅವನು ತಾಯಿಯನ್ನು ನೋಡಿದ. ಜನರನ್ನು ನೋಡಿದ. ಆ ಮಾತು ಹೇಳಿದರೆ ತಾಯಿಯನ್ನು ಕೊಂದವನು ಯಾರು ಅಂತ ಅವನೇ ಹೇಳಿದ ಹಾಗೆ.

"ಹೌದು," ಅಂದ. "ಇಂವನs."

ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ. ಕಾಲುಗಳು... ಬಡಿಗೆಗಳು... ಬಾಯಲ್ಲಿ ಮಣ್ಣು!

ಇಂಡಿಯ ದವಾಖಾನೆಯಲ್ಲಿ ಸುಮಿತ್ರಾಬಾಯಿ ನನ್ನ ಹುಬ್ಬಿಗೆ ಹೊಲಿಗೆ ಹಾಕಿದರು, ಮುರಿದ ಕೈಗೆ ಪ್ಲಾಸ್ಟರ್ ಹಾಕಿದರು. ಆಗಲೂ ಬೈಯಲಿಲ್ಲ. ಹೊರಗೆ ಪೇಶಂಟುಗಳು ಕೂಡುವ ಬೆಂಚುಗಳು ಖಾಲಿ. ಇಂಡಿಯ ಡಾಕ್ಟರಬಾಯಿ ಆಳು ಬಿಟ್ಟು ಉಪ್ಪು ಚೆಲ್ಲಿಸಿದಳು ಅನ್ನುವ ಸುದ್ದಿ ಬಸ್ಸಿಗಿಂತ ಮುಂಚೆ ಬಂದು ಮುಟ್ಟಿತ್ತು.

ಪೊಲೀಸ್ ಠಾಣೆಯ ಫೌಜದಾರರ ಹತ್ತಿರ ಇಬ್ಬರೂ ಹೋದೆವು.

"ಗೊಬ್ಬರ ಮಾರೋದು ಗುನ್ನೆ ಅಲ್ರಿ ಬಾಯಾರ," ಅಂದರು ಅವರು. "ತಿನ್ನೋದೂ ಗುನ್ನೆ ಅಲ್ಲ. ಹೆಣ ಸುಟ್ಟಿಲ್ಲ, ಹುಗದಾರ, ಖರೆ... ಆದ್ರ ತಗದು ನೋಡಿದ್ರ ಏನ ಸಿಗತೈತಿ?"

"ಏನೂ ಸಿಗಂಗಿಲ್ರಿ," ಅಂದರು ಸುಮಿತ್ರಾಬಾಯಿ. "ಸತ್ತವ್ರ ಮೈಯಾಗ ಪೊಟ್ಯಾಶಿಯಂ ತಾನs ಹೆಚ್ಚಾಗಿರ್ತೈತಿ."

"ಮತ್ತ? ಲೋಟ ಬಡದದ್ದಕ್ಕ ಓಣಿ ತುಂಬ ಸಾಕ್ಷಿ ಅದಾರ. ನಬಿಸಾಬ, ನೀ ಸುಮ್ಮನ ಮನಿಗೆ ಹೋಗ."

ಹೋಗಲಿಲ್ಲ. ಸಿಂದಗಿ ಸಂತೆಗೆ ಹೋದೆ.

ಬೇವಿನ ಗಿಡದ ಕೆಳಗೆ ರಾಚಪ್ಪ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಮುಂದೆ ಜನವೋ ಜನ! ಒಬ್ಬ ಮುದುಕ ಬಂದು ಕೈಚಾಚಿದ. ರಾಚಪ್ಪನ ಕಣ್ಣು ಆ ಮುದುಕನ ಕಾಲಿಗೆ ಹೋಯಿತು. ಬಾತ ಕಾಲು. ಅಲ್ಲೇ ನಿಂತಿತು ಕಣ್ಣು.

ಕೊಡಬೇಡ... ಕೊಡಬೇಡ, ಮಾರಾಯಾ...

ಕೊಟ್ಟ.

ತಲೆ ಎತ್ತಿದಾಗ ಅವನಿಗೆ ನಾನು ಕಂಡೆ. ಕೊರಳಿಗೆ ಕಟ್ಟಿದ ಕೈ, ಹೊಲಿಗೆ ಹಾಕಿದ ಹುಬ್ಬು.  ಆಮೇಲೆ ಬೆರಳು ನನ್ನ ಕಡೆ ಚಾಚಿ ಕೂಗಿದ.

"ಈ ಉಪ್ಪು ಬಿಟ್ರ ಏನಾಗತೈತಿ? ಬೇಕಾದ್ರ ನಮ್ಮವ್ವನ ಉಪ್ಪು ಚೆಲ್ಲಿದ ಇಂವನ್ನ ಕೇಳ್ರಿ!"

ಸಂತೆ ಪೂರ್ತಿ ನನ್ನನ್ನು ನೋಡಿತು. ಆಮೇಲೆ ಪೊಟ್ಟಣಕ್ಕೆ ಮುಗಿಬಿತ್ತು.

ಅವನ ಉಪ್ಪಿಗೆ ಅಲ್ಲಿಯವರೆಗೆ ಜಾಹೀರಾತು ಇರಲಿಲ್ಲ. ಈಗ ಸಿಕ್ಕಿತ್ತು... ಸಂಬಳವಿಲ್ಲದ ನಾನು!