ಶಾಂತಿ ಹೇಳುವ ಹೊತ್ತು

“ಒಬ್ಬರಿಗೊಬ್ಬರು ಶಾಂತಿ ಕೋರಿರಿ,” ಎಂದರು ಫಾದರ್.

ತುರುವೇಕೆರೆಯ ಆ ಚಿಕ್ಕ ಚರ್ಚಿನಲ್ಲಿ ಎಲ್ಲರೂ ಅಕ್ಕಪಕ್ಕದವರತ್ತ ತಿರುಗಿ ಕೈ ಮುಗಿಯತೊಡಗಿದರು. ಮುಂದಿನ ಬೆಂಚಿನಲ್ಲಿದ್ದವನೂ ತಿರುಗಿದ.

ರವೀಂದ್ರ!

ಸುನಂದಾ ಗಂಡನನ್ನೇ ನೋಡುತ್ತ ನಿಂತಳು. ಗಂಡನ ಮನೆ ಬಿಟ್ಟು ಮಾಯಸಂದ್ರದ ತವರಿಗೆ ಬಂದ ಮೇಲೆ ಅವನ ಮುಖವನ್ನು ಇಷ್ಟು ಹತ್ತಿರದಿಂದ ಕಂಡದ್ದು ಇದೇ ಮೊದಲು. ಕಿವಿಯ ಪಕ್ಕ ಕೂದಲು ನರೆತಿತ್ತು...

“ಶಾಂತಿ,” ಎಂದ ಅವನು, ಕೈ ಮುಗಿದು.

ಅವಳ ಕೈ ಮೇಲೇಳಲಿಲ್ಲ. ಪೂಜೆ ಮುಗಿಯುವ ಮೊದಲೇ ಎದ್ದು ಬಸ್ಸು ಹಿಡಿದಳು.

‘ಶಿಲುಬೆಯ ಮೇಲಿದ್ದವನು ಎಲ್ಲರನ್ನೂ ಕ್ಷಮಿಸಿದ. ಸರಿ, ಅವನು ದೇವರು. ನಾನು?’

ಗಂಡನ ಮನೆಯಲ್ಲಿದ್ದಾಗ ಒಂದು ದಿನ ಅಲ್ಲಿ ಜಪಮಾಲೆ ಪ್ರಾರ್ಥನೆ. ಮನೆ ತುಂಬ ಜನ. ಅತ್ತೆಯ ಸರ ಕಾಣೆಯಾಗಿತ್ತು. “ಇವಳ ತವರು ಸೇರಿರ್ತದೆ ಬಿಡಿ,” ಎಂದಿದ್ದರು ಅತ್ತೆ, ಎಲ್ಲರೆದುರು.

ಸುನಂದಾ ಗಂಡನ ಕಡೆ ನೋಡಿದ್ದಳು. ಅವನು ನೆಲ ನೋಡುತ್ತಿದ್ದ.

ಆಮೇಲೆ ಸರ ಅತ್ತೆಯ ದಿಂಬಿನ ಚೀಲದಲ್ಲೇ ಸಿಕ್ಕಿತು. ಅದನ್ನು ಮಾತ್ರ ಯಾರೂ ಯಾರಿಗೂ ಹೇಳಲಿಲ್ಲ! ಅವಳು ಮನೆ ಬಿಟ್ಟದ್ದು ಸರ ಸಿಕ್ಕ ಆ ದಿನವೇ.

ಚರ್ಚಿನಿಂದ ಮರಳಿದ ಮಧ್ಯಾಹ್ನ, ಪಕ್ಕದ ಮನೆಯ ತಿಮ್ಮಕ್ಕನ ಜೊತೆ ಅಂಗಳದಲ್ಲಿ ಕೊಬ್ಬರಿ ಒಡೆಯಲು ಕೂತಳು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಗಳು. ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಬೇಕು. ನೀರಿನ ಸದ್ದಿದ್ದರೆ ಇನ್ನೂ ಒಣಗಿಲ್ಲವೆಂದು ಅರ್ಥ; ಅದು ಮತ್ತೆ ಅಟ್ಟಕ್ಕೆ.

ಗೇಟು ಕಿರುಗುಟ್ಟಿತು.

“ಯಾರಪ್ಪಾ, ಅಳಿಯಂದಿರಾ?” ತಿಮ್ಮಕ್ಕ ಕಣ್ಣು ಕಿರಿದು ಮಾಡಿದಳು. “ಮಾಯಸಂದ್ರದ ಬಸ್ಸು ಈಗ ಸಿಕ್ತಾ ನಿಂಗೆ? ಬುಡು, ಕೂತ್ಕೋ. ನೀರು ತತ್ತೀನಿ.”

ಒಳಗೆ ಹೋದವಳು ಬೇಕೆಂದೇ ಹೊರಗೆ ಬರಲಿಲ್ಲ.

“ನೀನು ಎದ್ದು ಹೋದ್ಮೇಲೆ, ಅವತ್ತು ಜಪಮಾಲೆಗೆ ಮನೆಗೆ ಬಂದಿದ್ದವರನ್ನೆಲ್ಲ ಚರ್ಚ್ ಮುಂದೆ ನಿಲ್ಲಿಸ್ದೆ,” ಎಂದ ರವೀಂದ್ರ. “ಅಮ್ಮನೂ ಇದ್ರು. ಸರ ನಮ್ಮನೇಲೇ ಸಿಕ್ತು, ಸುನಂದಾ ಮುಟ್ಟಿಲ್ಲ ಅಂತ ಹೇಳ್ದೆ.”

“ಅವತ್ತು ನೀವೂ ನಂಬಿದ್ರಿ, ಅಲ್ವಾ?”

“ಇಲ್ಲ ಕಣೇ! ಒಂದು ಕ್ಷಣನೂ ನಂಬಿಲ್ಲ. ಅಮ್ಮನ ಬಾಯಿಗೆ ಹೆದ್ರಿದೆ... ಅಷ್ಟೇ.”

ಅವಳ ಕೈಯಲ್ಲಿದ್ದ ಮಚ್ಚು ನಿಂತಿತು.

“ನಂಬಿದ್ರೆ, ಪಾಪ, ಮೋಸ ಹೋದ್ರು ಅಂದ್ಕೋತಿದ್ದೆ ಕಣ್ರೀ. ನಂಬದೇನೂ ಸುಮ್ನಿದ್ರಲ್ಲಾ... ಅದು ಇನ್ನೂ ದೊಡ್ಡ ತಪ್ಪು.”

“ಹೌದು.”

ನೆಪ ಹೇಳಲಿಲ್ಲ. ಈ ಸಲ ನೆಲವನ್ನೂ ನೋಡಲಿಲ್ಲ.

ಸುನಂದಾ ತನ್ನೊಳಗೆ ಕೋಪವನ್ನು ಹುಡುಕಿದಳು. ಸಿಕ್ಕಿದ್ದು ಬರೀ ಆಯಾಸ. ಎಷ್ಟು ಕಾಲದಿಂದ ಹೊತ್ತಿದ್ದಳು ಇದನ್ನು! ಮಲಗಿದರೂ ಇಳಿಯದ ಭಾರ...

‘ಶಿಲುಬೆ ಹೊತ್ತವನೂ ದಣಿದಿದ್ದನಲ್ಲವೇ? ದಾರಿಯಲ್ಲಿ ಬಿದ್ದು ಎದ್ದವನು. ನೋವು ಆರಲಿ, ಆಮೇಲೆ ನೋಡೋಣ ಅನ್ನಲಿಲ್ಲ. ದಣಿವಿನಲ್ಲೇ ಕ್ಷಮಿಸಿದ.’

ಒಂದು ಕಾಯಿ ಎತ್ತಿ ಅವನ ಕಿವಿಯ ಬಳಿ ಅಲ್ಲಾಡಿಸಿದಳು.

“ಏನು ಕೇಳ್ತದೆ?”

“ನೀರು.”

“ಅತ್ತೆ ವಿಷ್ಯ ಇನ್ನೂ ಹಿಂಗೇ ಇದೆ. ಅವರ ಹೆಸರು ಹೇಳಿ ಪ್ರಾರ್ಥನೆ ಮಾಡೋಕೆ ಇನ್ನೂ ಆಗ್ತಿಲ್ಲ. ಸುಳ್ಳು ಹೇಳಲಾರೆ.”

“ನನ್ನ ವಿಷ್ಯ?”

ಅವಳು ಕಾಯಿಯನ್ನೂ ಮಚ್ಚನ್ನೂ ಕೆಳಗಿಟ್ಟಳು. ಧೂಳು ಮೆತ್ತಿದ ಎರಡೂ ಕೈಗಳನ್ನು ನಿಧಾನವಾಗಿ ಜೋಡಿಸಿದಳು.

“ಶಾಂತಿ ಕಣ್ರೀ.”

ಅವನು ಆ ಕೈಗಳನ್ನು ತನ್ನ ಕೈಗಳೊಳಗೆ ಹಿಡಿದುಕೊಂಡ. ಅವನ್ನು ಬಿಡದೆ, ಹೆಗಲಿಗೆ ಕಣ್ಣೊರೆಸಿಕೊಂಡ.

“ಅಳಬೇಡಿ. ತಿಮ್ಮಕ್ಕ ಕಿಟಕೀಲಿ ಇಣುಕ್ತಾವ್ಳೆ,” ಎಂದಳು. ಅವಳ ಕಣ್ಣೂ ತುಂಬಿತ್ತು.

“ಈ ನೀರಿರೋ ಕಾಯಿ... ಏನು ಮಾಡ್ಲಿ?”

“ಎಸೀಬೇಡಿ. ಅಟ್ಟದ ಮೇಲಿಡಿ,” ಎಂದಳು ಸುನಂದಾ. “ಆಗಾಗ ಇಬ್ರೂ ಅಲ್ಲಾಡಿಸಿ ನೋಡೋಣ.”